‘ಡೇಲ್, 1946’: ಒಂದು ಉಲ್ಲೇಖದ ಬೆನ್ನುಹತ್ತಿದಾಗ

ಕರಡಿನ ಎರಡನೇ ಪುಟದಲ್ಲಿ ಹೀಗೊಂದು ವಾಕ್ಯವಿತ್ತು: “ಮನುಷ್ಯರು ಓದಿದ್ದರಲ್ಲಿ ಶೇ 10, ಕೇಳಿದ್ದರಲ್ಲಿ ಶೇ 20, ನೋಡಿದ್ದರಲ್ಲಿ ಶೇ 30, ನೋಡಿ ಕೇಳಿದ್ದರಲ್ಲಿ ಶೇ 50, ತಾವೇ ಹೇಳಿದ್ದರಲ್ಲಿ ಶೇ 70, ತಾವೇ ಮಾಡಿದ್ದರಲ್ಲಿ ಶೇ 90ರಷ್ಟನ್ನು ನೆನಪಿಟ್ಟುಕೊಳ್ಳುತ್ತಾರೆ (ಡೇಲ್, 1946).”

ಬರೆದವಳು ಶಿಕ್ಷಣಶಾಸ್ತ್ರದ ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಸಂಪ್ರಬಂಧದ ವಿಷಯ ‘ಪಾಠ ಕೇಳಿ ಕಲಿಯುವುದು, ಮಾಡಿ ಕಲಿಯುವುದು’. ಮಿತಿ 2000 ಪದ, ಅವಧಿ ಮೂರು ವಾರ, ಕಡೇ ಪಕ್ಷ 10 ಆಕರ ಇರಬೇಕು. ಅವಳು 14 ಕೊಟ್ಟಿದ್ದಳು. ಈ ವಿದ್ಯಾರ್ಥಿನಿ ಯಾರೋ ಒಬ್ಬಳಲ್ಲ. ಕಾಲೇಜು ಬರವಣಿಗೆಯಲ್ಲಿ ಮತ್ತೆ ಮತ್ತೆ ಕಾಣುವ ತೊಡಕುಗಳನ್ನೆಲ್ಲ ಒಂದೇ ಕರಡಿನಲ್ಲಿ ಕೂಡಿಸಿ ಈ ಪ್ರಕರಣವನ್ನು ಕಟ್ಟಲಾಗಿದೆ. ಆದರೆ ಮುಂದೆ ಬರುವ ಗ್ರಂಥ, ಲೇಖನ, ವರ್ಷ, ಅಂಕಿಗಳೆಲ್ಲ ನಿಜವಾದವು. ಯಾರು ಬೇಕಾದರೂ ತೆಗೆದು ನೋಡಬಹುದು.

ಕರಡು ನೋಡಿದ ಮಾರ್ಗದರ್ಶಕಿ ಆ ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು.

“ಈ ಡೇಲ್ ಪುಸ್ತಕ ನೋಡಿದ್ದೀಯೇನಮ್ಮಾ?”

“ಇಲ್ಲ ಮೇಡಂ. ಒಂದು ವೆಬ್‌ಸೈಟಿನಲ್ಲಿ ಚಿತ್ರ ಇತ್ತು, ಅದರ ಕೆಳಗೆ ಈ ಹೆಸರಿತ್ತು.”

“ಹಾಗಾದರೆ ನೀನು ನೋಡಿದ್ದು ವೆಬ್‌ಸೈಟು. ಆವರಣದಲ್ಲಿ ಡೇಲ್ ಹೆಸರು ಯಾಕೆ ಬಂತು?”

ಇಡೀ ಪ್ರಕರಣದ ತಿರುಳು ಈ ಪ್ರಶ್ನೆಯಲ್ಲಿದೆ. ಆವರಣದೊಳಗೆ ಹೆಸರು, ವರ್ಷ ಬರೆದರೆ ‘ಇದನ್ನು ನಾನು ಇಲ್ಲಿ ಕಂಡೆ’ ಎಂದು ಓದುಗರಿಗೆ ಮಾತು ಕೊಟ್ಟ ಹಾಗೆ. ವಿದ್ಯಾರ್ಥಿನಿಗೆ ಮೋಸ ಮಾಡುವ ಉದ್ದೇಶ ಇರಲಿಲ್ಲ. ದೊಡ್ಡ ಹೆಸರು, ಹಳೆಯ ವರ್ಷ ಇದ್ದರೆ ಉಲ್ಲೇಖಕ್ಕೆ ತೂಕ ಬರುತ್ತದೆ ಎಂದುಕೊಂಡಿದ್ದಳು, ಅಷ್ಟೆ. ಆದರೂ ಆ ಆವರಣ ಹೇಳುತ್ತಿದ್ದದ್ದು ಸುಳ್ಳು.

ಮೊದಲು 14 ಆಕರಗಳ ಲೆಕ್ಕ ಹಾಕಿಸಲಾಯಿತು. ಐದು ವೆಬ್‌ಸೈಟು, ಎರಡು ಪಠ್ಯಪುಸ್ತಕ, ಯಾರೋ ಮಾಡಿದ ಒಂದು ಸ್ಲೈಡ್ ಪ್ರದರ್ಶನ, ಸಾರಾಂಶ ಮಾತ್ರ ಓದಿದ ಮೂರು ಸಂಶೋಧನಾ ಲೇಖನ, ಚಾಟ್‌ಬಾಟ್ ಕೊಟ್ಟ ಮೂರು ಉಲ್ಲೇಖ. ಮೊದಲಿನಿಂದ ಕೊನೆಯವರೆಗೆ ಅವಳು ಓದಿದ್ದು ನಾಲ್ಕನ್ನು ಮಾತ್ರ. ಇದು ಅಪರೂಪದ ಲೆಕ್ಕವಲ್ಲ. ‘ಕಡೇ ಪಕ್ಷ ಹತ್ತು ಇರಲಿ’ ಎಂಬ ನಿಯಮವೇ ವಿದ್ಯಾರ್ಥಿಗಳನ್ನು ಎಷ್ಟೋ ಸಲ ಈ ದಾರಿಗೆ ತಳ್ಳುತ್ತದೆ. ಸಂಖ್ಯೆ ತುಂಬಿಸುವ ಆತುರದಲ್ಲಿ ಓದು ಹಿಂದೆ ಬೀಳುತ್ತದೆ. ಚೆನ್ನಾಗಿ ಓದಿದ ಆರು ಆಕರಗಳ ಮೇಲೆ ನಿಂತ ಸಂಪ್ರಬಂಧ, ಮುಟ್ಟಿ ಬಿಟ್ಟ ಹದಿನಾಲ್ಕರ ಮೇಲೆ ನಿಂತದ್ದಕ್ಕಿಂತ ಗಟ್ಟಿ.

ಶೇ 90ರ ಬೇರು

ವಾಕ್ಯವನ್ನು ಪರೀಕ್ಷಿಸಲು ಗ್ರಂಥಾಲಯದವರೆಗೆ ಹೋಗುವ ಮೊದಲೇ ಅದನ್ನೊಮ್ಮೆ ನಿಧಾನವಾಗಿ ಓದಬೇಕಿತ್ತು. 10, 20, 30, 50, 70, 90 ಎಂಬ ಅಂಕಿಗಳೆಲ್ಲ ಹತ್ತರ ಮಗ್ಗಿಯ ಹಾಗೆ ನೀಟಾಗಿ ನಿಂತಿವೆ. ಮನುಷ್ಯರ ಮೇಲೆ ಮಾಡಿದ ಯಾವ ಪ್ರಯೋಗದಲ್ಲೂ ಫಲಿತಾಂಶ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಎಷ್ಟು ಹೊತ್ತಿನ ನಂತರದ ನೆನಪು? ಐದು ನಿಮಿಷವೋ, ಒಂದು ವಾರವೋ? ಯಾರ ಮೇಲೆ ಪ್ರಯೋಗ? ಓದಿದ್ದು ಏನನ್ನು, ಮಾಡಿದ್ದು ಏನನ್ನು? ಓದುವುದೂ ಕಣ್ಣಿನಿಂದ ನೋಡುವುದೇ ಆದ್ದರಿಂದ ‘ಓದಿದ್ದು’ ಮತ್ತು ‘ನೋಡಿದ್ದು’ ಎಂಬ ವಿಂಗಡಣೆಯೇ ಕಲಸಿಹೋಗಿದೆ. ಅಂಕಿ ಇದ್ದು ಅಳತೆಯ ವಿವರ ಇಲ್ಲದ ವಾಕ್ಯ ಕಂಡಾಗ ಅಲ್ಲೇ ನಿಲ್ಲಬೇಕು.

ಮೊದಲ ಹೆಜ್ಜೆ, ಪುಸ್ತಕವನ್ನೇ ತೆಗೆಯುವುದು. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಬರೆದ ‘ಆಡಿಯೋ-ವಿಶುವಲ್ ಮೆಥಡ್ಸ್ ಇನ್ ಟೀಚಿಂಗ್’ 1946ರಲ್ಲಿ ಮೊದಲ ಬಾರಿ ಬಂತು. ಮುಂದೆ 1954 ಮತ್ತು 1969ರಲ್ಲಿ ಪರಿಷ್ಕೃತ ಆವೃತ್ತಿಗಳು ಬಂದವು. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಇರಲಿಲ್ಲ. ಗ್ರಂಥಪಾಲಕರು ಬೇರೊಂದು ಗ್ರಂಥಾಲಯದಿಂದ ಎರವಲು ತರಿಸಿದರು, ಅದಕ್ಕೆ ಆರು ದಿನ ಹಿಡಿಯಿತು. ಮೂರು ವಾರದ ಕೆಲಸದಲ್ಲಿ ಆರು ದಿನ ಹೋದರೆ ಕಷ್ಟ. ಅದಕ್ಕೇ ಹಳೆಯ ಪುಸ್ತಕದ ಕೋರಿಕೆಯನ್ನು ಮೊದಲ ವಾರದಲ್ಲೇ ಕೊಟ್ಟುಬಿಡಬೇಕು.

ಪುಸ್ತಕದಲ್ಲಿ ಶಂಕುವಿನ ಆಕಾರದ ಒಂದು ಚಿತ್ರವಿದೆ. ಕೆಳಗೆ ಅಗಲವಾದ ತಳದಲ್ಲಿ ನೇರ ಅನುಭವ. ಮೇಲೆ ಹೋದಂತೆ ನಾಟಕ, ಪ್ರಾತ್ಯಕ್ಷಿಕೆ, ಹೊರಸಂಚಾರ, ವಸ್ತುಪ್ರದರ್ಶನ, ಚಲನಚಿತ್ರ ಹೀಗೆ ಸಾಗಿ ತುದಿಯಲ್ಲಿ ಮಾತಿನ ಸಂಕೇತ. ಮೂರ್ತದಿಂದ ಅಮೂರ್ತಕ್ಕೆ ಹೋಗುವ ಕ್ರಮವನ್ನು ತೋರಿಸುವುದು ಡೇಲ್ ಅವರ ಉದ್ದೇಶ. ಅದನ್ನು ಯಾಂತ್ರಿಕವಾಗಿ ಓದಬಾರದು ಎಂದೂ ಅವರು ಎಚ್ಚರಿಸಿದ್ದಾರೆ. ಚಿತ್ರದಲ್ಲಿ ಶೇಕಡಾವಾರು ಅಂಕಿ ಒಂದೂ ಇಲ್ಲ. ವಿದ್ಯಾರ್ಥಿನಿ ಆ ಅಧ್ಯಾಯವನ್ನು ಎರಡು ಸಲ ಓದಿದಳು, ಪದಸೂಚಿ ತಡಕಾಡಿದಳು. 90 ಎಲ್ಲೂ ಸಿಗಲಿಲ್ಲ.

ಹಾಗಾದರೆ ಅಂಕಿ ಬಂದದ್ದೆಲ್ಲಿಂದ? ಇಲ್ಲಿ ಹುಡುಕಾಟದ ಪದ ಬದಲಾಗಬೇಕು. ಮೊದಲ ಸಲ ಅವಳು ಹುಡುಕಿದ್ದು ‘ಮಾಡಿ ಕಲಿತರೆ ಶೇ 90 ನೆನಪು’ ಎಂದು. ಹಾಗೆ ಹುಡುಕಿದರೆ ಅದನ್ನು ನಂಬಿದವರ ಪುಟಗಳೇ ಸಾಲುಗಟ್ಟಿ ಬರುತ್ತವೆ. ಪ್ರಶ್ನೆಯೊಳಗೇ ಉತ್ತರವನ್ನು ಇಟ್ಟು ಹುಡುಕಿದರೆ ಸಿಗುವುದು ಅದೇ ಉತ್ತರ. ಎರಡನೇ ಸಲ ಚಿತ್ರದ ಇಂಗ್ಲಿಷ್ ಹೆಸರಾದ ‘ಕೋನ್ ಆಫ್ ಎಕ್ಸ್‌ಪೀರಿಯೆನ್ಸ್’ ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಪಕ್ಕದಲ್ಲಿ ‘ಮೂಲ’, ‘ವಿಮರ್ಶೆ’, ‘ಮಿಥ್ಯೆ’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಸೇರಿಸಿ, ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದಳು. ಇಪ್ಪತ್ತು ನಿಮಿಷದಲ್ಲಿ ಬೇಕಾದದ್ದು ಸಿಕ್ಕಿತು.

ಸುಬ್ರಮಣಿ, ಮೊಲೆಂಡಾ, ಬೀಟ್ರಸ್ ಮತ್ತು ಥಾಲ್‌ಹೈಮರ್ ಎಂಬ ನಾಲ್ವರು 2014ರಲ್ಲಿ ‘ಎಜುಕೇಶನಲ್ ಟೆಕ್ನಾಲಜಿ’ ನಿಯತಕಾಲಿಕದಲ್ಲಿ ಈ ಅಂಕಿಗಳ ಜಾಡನ್ನೇ ಹಿಡಿದು ಬರೆದಿದ್ದಾರೆ. ಡೇಲ್ ಅವರ ಶಂಕುವಿಗೂ ಈ ಶೇಕಡಾವಾರಿಗೂ ಮೂಲದಲ್ಲಿ ಸಂಬಂಧವೇ ಇಲ್ಲ, ಯಾರೋ ಎರಡನ್ನೂ ಬೆಸೆದಿದ್ದಾರೆ ಎಂಬುದು ಅವರ ತೀರ್ಮಾನ. ಈ ಅಂಕಿಗಳು 1967ರಲ್ಲಿ ಡಿ. ಜಿ. ಟ್ರೈಕ್ಲರ್ ಎಂಬುವರ ಲೇಖನವೊಂದರಲ್ಲಿ ಅಚ್ಚಾಗಿದ್ದವು, ಅಲ್ಲೂ ಯಾವ ಪ್ರಯೋಗದ ಆಧಾರವನ್ನೂ ಕೊಟ್ಟಿರಲಿಲ್ಲ. ಇದೇ ಅಂಕಿಗಳ ಸೋದರ ರೂಪವೊಂದಿದೆ. ಉಪನ್ಯಾಸಕ್ಕೆ ಶೇ 5, ಓದಿಗೆ ಶೇ 10, ಇನ್ನೊಬ್ಬರಿಗೆ ಕಲಿಸಿದರೆ ಶೇ 90 ಎನ್ನುವ ‘ಕಲಿಕೆಯ ಪಿರಮಿಡ್’. ಅದಕ್ಕೆ ಅಮೆರಿಕದ ನ್ಯಾಷನಲ್ ಟ್ರೈನಿಂಗ್ ಲ್ಯಾಬೊರೇಟರೀಸ್ ಎಂಬ ಸಂಸ್ಥೆಯ ಹೆಸರು ಅಂಟಿಕೊಂಡಿದೆ. ಕೇಳಿದವರಿಗೆ ಆ ಸಂಸ್ಥೆ ಹೇಳುತ್ತ ಬಂದದ್ದು, ಮೂಲ ಸಂಶೋಧನೆಯ ದಾಖಲೆ ಈಗ ತಮ್ಮ ಬಳಿ ಇಲ್ಲ ಎಂದು. ನಾರ್ವೆಯ ಲೆಟ್ರುಡ್ ಮತ್ತು ಹರ್ನೆಸ್ 2018ರ ಲೇಖನದಲ್ಲಿ ಇದೇ ಬಗೆಯ ಮಾತುಗಳ ಇನ್ನೂ ಹಳೆಯ ಬೇರುಗಳನ್ನು ಅಗೆದು ತೋರಿಸಿದ್ದಾರೆ.

ಇದರಲ್ಲಿ ಮನಸ್ಸಿಗೆ ನಾಟುವ ಸಂಗತಿಯೊಂದಿದೆ. ಕೆಲವು ಕಡೆ ಇದೇ ಅಂಕಿಗಳಿಗೆ ಮಿಷೆಲೀನ್ ಚಿ ಮತ್ತು ಸಂಗಡಿಗರ 1989ರ ಲೇಖನವನ್ನು ಆಧಾರವಾಗಿ ಕೊಟ್ಟಿದ್ದಾರೆ. ಆ ಲೇಖನ ನಿಜವಾಗಿ ಇದೆ, ಒಳ್ಳೆಯ ನಿಯತಕಾಲಿಕದಲ್ಲೇ ಇದೆ. ಆದರೆ ಅದರ ವಿಷಯ, ಭೌತಶಾಸ್ತ್ರದ ಬಿಡಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳು ತಮಗೆ ತಾವೇ ವಿವರಿಸಿಕೊಂಡು ಹೇಗೆ ಕಲಿಯುತ್ತಾರೆ ಎಂಬುದು. ಓದಿದ್ದು ಶೇ 10 ಎಂಬ ಮಾತೇ ಅದರಲ್ಲಿಲ್ಲ. ಆಕರ ಇದೆಯೇ ಎಂದು ನೋಡಿದರೆ ಸಾಲದು. ನಾವು ಹೇಳುವ ಮಾತು ಆ ಆಕರದೊಳಗೆ ಇದೆಯೇ ಎಂದು ನೋಡಬೇಕು. ಇವು ಎರಡು ಬೇರೆ ಬೇರೆ ತಪಾಸಣೆ, ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು.

ವಿದ್ಯಾರ್ಥಿಗಳು ಮಾತ್ರ ಹೀಗೆ ಮಾಡುತ್ತಾರೆ ಎಂದುಕೊಳ್ಳಬೇಕಿಲ್ಲ. ಸಿಮ್ಕಿನ್ ಮತ್ತು ರಾಯ್‌ಚೌಧುರಿ 2003ರಲ್ಲಿ ವಿಜ್ಞಾನ ಲೇಖನಗಳ ಉಲ್ಲೇಖಗಳಲ್ಲಿ ಒಂದೇ ಅಚ್ಚಿನ ತಪ್ಪು ಮತ್ತೆ ಮತ್ತೆ ಬರುವುದನ್ನು ಎಣಿಸಿದರು. ಪುಟಸಂಖ್ಯೆಯ ಅದೇ ತಪ್ಪು ಹತ್ತಾರು ಲೇಖನಗಳಲ್ಲಿ ಇದೆ ಎಂದರೆ ಅವರು ಮೂಲವನ್ನು ತೆರೆದಿಲ್ಲ, ಇನ್ನೊಬ್ಬರ ಪಟ್ಟಿಯಿಂದ ಇಳಿಸಿಕೊಂಡಿದ್ದಾರೆ ಎಂದರ್ಥ. ಉಲ್ಲೇಖಿಸಿದವರಲ್ಲಿ ಮೂಲವನ್ನು ಓದಿದವರು ಸುಮಾರು ಶೇ 20 ಮಾತ್ರ ಎಂಬುದು ಅವರ ಅಂದಾಜು.

ಪುಟ ಬಿಟ್ಟು ಹೊರಗೆ ಹೋಗಿ ನೋಡುವುದು

ಐದು ವೆಬ್‌ಸೈಟುಗಳ ತಪಾಸಣೆ ಬೇಗ ಮುಗಿಯಿತು. ಆದರೆ ಅದರ ವಿಧಾನವನ್ನು ಹೇಳಬೇಕು, ಯಾಕೆಂದರೆ ಮೊದಲು ಅವಳು ಮಾಡಿದ್ದು ತಲೆಕೆಳಗಾಗಿತ್ತು. ಅಚ್ಚುಕಟ್ಟಾದ ವಿನ್ಯಾಸ, ವಿಳಾಸದ ಕೊನೆಯಲ್ಲಿ ‘ಆರ್ಗ್’, ‘ನಮ್ಮ ಬಗ್ಗೆ’ ಪುಟದಲ್ಲಿ ಗಂಭೀರವಾದ ಮಾತು, ಅಕ್ಷರ ತಪ್ಪಿಲ್ಲದ ಬರಹ, ಇಷ್ಟನ್ನು ನೋಡಿ ‘ನಂಬಬಹುದು’ ಎಂದು ಗುರುತು ಹಾಕಿದ್ದಳು. ಇವೆಲ್ಲ ಆ ಪುಟದವರೇ ತಮ್ಮ ಬಗ್ಗೆ ಹೇಳಿಕೊಂಡದ್ದು. ಆರ್ಗ್ ವಿಳಾಸವನ್ನು ಯಾರು ಬೇಕಾದರೂ ಪಡೆಯಬಹುದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈನ್‌ಬರ್ಗ್ ಮತ್ತು ಮೆಕ್‌ಗ್ರ್ಯೂ ಇದೇ ಕೆಲಸವನ್ನು 45 ಜನರಿಂದ ಮಾಡಿಸಿ ನೋಡಿದ್ದಾರೆ: ಇತಿಹಾಸದ ವಿದ್ವಾಂಸರು 10, ಸುದ್ದಿಯ ಸತ್ಯಾಸತ್ಯ ಪರೀಕ್ಷಿಸುವ ವೃತ್ತಿಯವರು 10, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 25. ವಿದ್ವಾಂಸರಲ್ಲೂ ವಿದ್ಯಾರ್ಥಿಗಳಲ್ಲೂ ಬಹಳ ಜನ ಪುಟದೊಳಗೇ ಮೇಲಿಂದ ಕೆಳಗೆ ಓದುತ್ತ ಕುಳಿತು ಎಡವಿದರು. ವೃತ್ತಿಯವರು ಪುಟವನ್ನು ಹೆಚ್ಚು ಓದಲೇ ಇಲ್ಲ. ತಕ್ಷಣ ಪಕ್ಕದಲ್ಲಿ ಹೊಸ ಟ್ಯಾಬ್‌ಗಳನ್ನು ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದರು. ಒಂದು ಮನೆತನದ ಬಗ್ಗೆ ತಿಳಿಯಬೇಕಾದರೆ ಆ ಮನೆಯವರನ್ನೇ ಕೇಳಿದರೆ ಆಗುವುದಿಲ್ಲ, ನೆರೆಯವರನ್ನೂ ಕೇಳಬೇಕು.

ವಿದ್ಯಾರ್ಥಿನಿ ಹಾಗೆಯೇ ಮಾಡಿದಳು. ಒಂದೊಂದು ಸೈಟಿಗೆ ಐದು ನಿಮಿಷ. ಸೈಟಿನ ಹೆಸರನ್ನು ಹುಡುಕುಪೆಟ್ಟಿಗೆಯಲ್ಲಿ ಹಾಕಿ, ಆ ಸೈಟಿನದೇ ಫಲಿತಾಂಶಗಳನ್ನು ಬಿಟ್ಟು ಉಳಿದವನ್ನು ಓದುವುದು. ಯಾರು ನಡೆಸುತ್ತಾರೆ, ಹಣ ಎಲ್ಲಿಂದ, ಏನನ್ನು ಮಾರುತ್ತಾರೆ? ಐದರಲ್ಲಿ ಮೂರು, ತರಬೇತಿ ಕಾರ್ಯಾಗಾರಗಳನ್ನು ಮಾರುವ ಕಂಪನಿಗಳ ಸೈಟುಗಳೆಂದು ಗೊತ್ತಾಯಿತು. ‘ಮಾಡಿ ಕಲಿತರೆ ಶೇ 90’ ಎನ್ನುವುದು ಅವರ ವ್ಯಾಪಾರಕ್ಕೆ ಒದಗುವ ಮಾತು. ಮೂರನ್ನೂ ಕೈಬಿಟ್ಟಳು. ವಿಕಿಪೀಡಿಯ ಪುಟವನ್ನೂ ಉಲ್ಲೇಖದಿಂದ ತೆಗೆದಳು, ಆದರೆ ಅದರ ಅಡಿಟಿಪ್ಪಣಿಗಳನ್ನು ಇಟ್ಟುಕೊಂಡಳು. ವಿಕಿಪೀಡಿಯದ ನಿಜವಾದ ಉಪಯೋಗ ಅದು. ಅಲ್ಲಿಂದ ಹೊರಗೆ ಹೋಗಲು ಬಾಗಿಲು ಸಿಗುತ್ತದೆ.

ಇಲ್ಲದ ಲೇಖನ

ಚಾಟ್‌ಬಾಟ್ ಕೊಟ್ಟ ಮೂರು ಉಲ್ಲೇಖಗಳಲ್ಲಿ ಒಂದು ಸರಿಯಾಗಿತ್ತು. ಎರಡನೆಯದರಲ್ಲಿ ಲೇಖಕರು, ಶೀರ್ಷಿಕೆ ಸರಿ, ವರ್ಷ ಮತ್ತು ಸಂಪುಟ ತಪ್ಪು. ಮೂರನೆಯ ಲೇಖನ ಜಗತ್ತಿನಲ್ಲೇ ಇರಲಿಲ್ಲ. ಅದರಲ್ಲಿದ್ದ ಸಂಶೋಧಕರ ಹೆಸರು ನಿಜವಾದ್ದು, ನಿಯತಕಾಲಿಕವೂ ನಿಜವಾದ್ದು, ಸಂಪುಟದ ಸಂಖ್ಯೆಯೂ ಇರುವಂಥದ್ದೇ. ಆದರೆ ಆ ಸಂಪುಟದ ಆ ಪುಟಗಳಲ್ಲಿ ಬೇರೆಯವರ ಬೇರೆ ಲೇಖನವಿತ್ತು.

ಚಾಟ್‌ಬಾಟ್‌ಗಳ ಹಿಂದಿರುವ ಭಾಷಾ ಮಾದರಿಗಳು ಮುಂದೆ ಬರಲು ಹೊಂದುವ ಪದಗಳನ್ನು ಜೋಡಿಸುತ್ತ ಹೋಗುತ್ತವೆ. ಉಲ್ಲೇಖಕ್ಕೆ ಒಂದು ಗೊತ್ತಾದ ಅಚ್ಚು ಇರುವುದರಿಂದ ಆ ಅಚ್ಚಿಗೆ ಸರಿಹೊಂದುವ ಹೆಸರು, ವರ್ಷ, ಪುಟಗಳು ಸಲೀಸಾಗಿ ಬಂದುಬಿಡುತ್ತವೆ. ವಾಲ್ಟರ್ಸ್ ಮತ್ತು ವೈಲ್ಡರ್ 2023ರಲ್ಲಿ 42 ವಿಷಯಗಳ ಮೇಲೆ ಚಾಟ್‌ಜಿಪಿಟಿಯಿಂದ ಬರೆಸಿದ ಬರಹಗಳ 636 ಉಲ್ಲೇಖಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅದರ ಹಳೆಯ ಮಾದರಿಯಾದ ಜಿಪಿಟಿ-3.5 ಕೊಟ್ಟವುಗಳಲ್ಲಿ ಶೇ 55, ಜಿಪಿಟಿ-4 ಕೊಟ್ಟವುಗಳಲ್ಲಿ ಶೇ 18 ಕಲ್ಪಿತವಾಗಿದ್ದವು. ಮಾದರಿಗಳು ಬದಲಾಗುತ್ತ ಇರುತ್ತವೆ, ಆದ್ದರಿಂದ ಈ ಅಂಕಿಗಳನ್ನು ಇಂದಿನ ಎಲ್ಲ ಚಾಟ್‌ಬಾಟ್‌ಗಳಿಗೂ ಅನ್ವಯಿಸಬಾರದು. ತಪಾಸಣೆಯ ವಿಧಾನ ಮಾತ್ರ ಬದಲಾಗುವುದಿಲ್ಲ. ಲೇಖನಕ್ಕೆ ಡಿಒಐ ಸಂಖ್ಯೆ (ಒಂದೊಂದು ಲೇಖನಕ್ಕೂ ಕೊಡುವ ಕಾಯಂ ಗುರುತು) ಇದ್ದರೆ ಅದನ್ನು ಡಿಒಐ ಡಾಟ್ ಆರ್ಗ್ ಪುಟದಲ್ಲಿ ಹಾಕಿ, ತೆರೆದುಕೊಳ್ಳುವ ಲೇಖನದ ಶೀರ್ಷಿಕೆಯನ್ನು ಪದಕ್ಕೆ ಪದ ಹೋಲಿಸಬೇಕು. ಸಂಖ್ಯೆ ತೆರೆಯಿತು ಎಂದಷ್ಟಕ್ಕೆ ಸುಮ್ಮನಾಗಬಾರದು, ಅದು ಬೇರೊಂದು ಲೇಖನದ ಸಂಖ್ಯೆ ಆಗಿರಬಹುದು. ಸಂಖ್ಯೆ ಇಲ್ಲದಿದ್ದರೆ ನಿಯತಕಾಲಿಕದ ಸ್ವಂತ ತಾಣದಲ್ಲಿ ಆ ವರ್ಷದ ಆ ಸಂಚಿಕೆಯ ಪರಿವಿಡಿ ತೆರೆದು ನೋಡಬೇಕು. ಒಂದು ಉಲ್ಲೇಖಕ್ಕೆ ಎರಡು ನಿಮಿಷ ಸಾಕು.

ಇದೇ ಹೊತ್ತಿನಲ್ಲಿ ಇನ್ನೊಂದನ್ನೂ ನೋಡಿಬಿಡಬೇಕು, ಪ್ರಕಟಿಸಿದ ಪತ್ರಿಕೆಯೇ ಲೇಖನವನ್ನು ನಂಬಲರ್ಹವಲ್ಲ ಎಂದು ಹಿಂಪಡೆದಿದೆಯೇ ಎಂದು. ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ 1998ರ ‘ಲ್ಯಾನ್ಸೆಟ್’ ಲೇಖನವನ್ನು ಆ ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಮಧ್ಯದ 12 ವರ್ಷಗಳಲ್ಲಿ ಇಳಿಸಿಕೊಂಡ ಪಿಡಿಎಫ್ ಮೇಲೆ ಆ ಗುರುತು ಇರುವುದಿಲ್ಲ. ಹಾಗಾಗಿ ಗೆಳೆಯರು ಕಳಿಸಿದ ಪ್ರತಿಯನ್ನು ನೆಚ್ಚದೆ ಪ್ರಕಾಶಕರ ಪುಟವನ್ನೇ ತೆರೆಯಬೇಕು. ಹಿಂಪಡೆದ ಲೇಖನಗಳ ಲೆಕ್ಕ ಇಡುವ ‘ರಿಟ್ರಾಕ್ಷನ್ ವಾಚ್’ ದತ್ತಾಂಶವೂ ಈಗ, ಡಿಒಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಮುಕ್ತವಾಗಿದೆ.

ಹೊಸ ಆಕರ, ಹೊಸ ತಪ್ಪು

ಶೇ 90ರ ವಾಕ್ಯ ಹೋದ ಮೇಲೆ ಸಂಪ್ರಬಂಧದ ನಡುವೆ ಒಂದು ಗುಂಡಿ ಬಿತ್ತು. ಅದನ್ನು ತುಂಬಲು ಎರಡು ಲೇಖನ ಆರಿಸಿಕೊಂಡಳು. ಮೊದಲನೆಯದು ರೋಡಿಗರ್ ಮತ್ತು ಕಾರ್ಪಿಕೆ ಅವರ 2006ರ ಪ್ರಯೋಗ. ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗಗಳನ್ನು ಏಳು ನಿಮಿಷ ಓದಲು ಕೊಟ್ಟು, ಒಂದನ್ನು ಇನ್ನೇಳು ನಿಮಿಷ ಮತ್ತೆ ಓದಿಸಿದರು. ಇನ್ನೊಂದನ್ನು ಪುಸ್ತಕ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಎರಡು ಸಲ ಓದಿದ್ದೇ ಮುಂದಿತ್ತು: ಓದಿದ್ದಕ್ಕೆ ಶೇ 81, ನೆನಪಿನಿಂದ ಬರೆದದ್ದಕ್ಕೆ ಶೇ 75. ಎರಡು ದಿನದ ನಂತರ ಅದು ತಿರುಗುಮುರುಗಾಯಿತು, ಶೇ 54 ಮತ್ತು ಶೇ 68. ಒಂದು ವಾರದ ನಂತರ ಶೇ 42 ಮತ್ತು ಶೇ 56.

ಈ ಅಂಕಿಗಳ ಪಕ್ಕದಲ್ಲಿ 10, 20, 30 ಇಟ್ಟು ನೋಡಿದರೆ ಅಳೆದದ್ದಕ್ಕೂ ಕಟ್ಟಿದ್ದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಕಾಲ ಹೇಳಿದ್ದಾರೆ, ಓದಿಸಿದ್ದು ಏನು ಎಂದು ಹೇಳಿದ್ದಾರೆ, ಮೊದಲ ಐದು ನಿಮಿಷದಲ್ಲಿ ಫಲಿತಾಂಶ ತಮ್ಮ ವಾದಕ್ಕೆ ಎದುರಾಗಿ ಬಂದದ್ದನ್ನೂ ಮುಚ್ಚಿಟ್ಟಿಲ್ಲ. ಸಾರಾಂಶ ಮಾತ್ರ ಓದಿದವರ ಕೈಗೆ ಈ ಶೇಕಡಾವಾರು ಅಂಕಿಗಳು ಸಿಗುವುದಿಲ್ಲ. ಸಾರಾಂಶದ ನಂತರ ನೇರವಾಗಿ ವಿಧಾನದ ಭಾಗಕ್ಕೆ, ಅಲ್ಲಿಂದ ಫಲಿತಾಂಶದ ಕೋಷ್ಟಕ ಇಲ್ಲವೇ ನಕ್ಷೆಗೆ ಹೋಗುವುದು ಒಳ್ಳೆಯ ಕ್ರಮ. ಲೇಖಕರ ವ್ಯಾಖ್ಯಾನವನ್ನು ಆಮೇಲೆ ಓದಿದರೆ ನಮ್ಮದೇ ಒಂದು ಅಭಿಪ್ರಾಯ ಅಷ್ಟರಲ್ಲಿ ಮೂಡಿರುತ್ತದೆ.

ಎರಡನೆಯದು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆ. ಪದವಿ ಹಂತದ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳಲ್ಲಿ ಬರೀ ಉಪನ್ಯಾಸ ಕೇಳಿದವರಲ್ಲಿ ಸರಾಸರಿ ಶೇ 33.8 ಮಂದಿ ಫೇಲಾದರೆ, ಸಕ್ರಿಯ ಕಲಿಕೆಯಿದ್ದ, ಅಂದರೆ ವಿದ್ಯಾರ್ಥಿಗಳಿಗೇ ಕೆಲಸ ಕೊಟ್ಟ ಕಡೆ ಶೇ 21.8. ಇದನ್ನು ವಿದ್ಯಾರ್ಥಿನಿ ಮೊದಲು ಬರೆದದ್ದು ಹೀಗೆ: “ಮಾಡಿ ಕಲಿತವರು 1.5 ಪಟ್ಟು ಹೆಚ್ಚು ಅಂಕ ಗಳಿಸುತ್ತಾರೆ (ಫ್ರೀಮನ್ ಮತ್ತು ಇತರರು, 2014).” ಆಕರ ಸರಿ, ವರ್ಷ ಸರಿ, 1.5 ಎಂಬ ಅಂಕಿಯೂ ಆ ಲೇಖನದಲ್ಲಿದೆ. ಆದರೆ ಅಲ್ಲಿ ಅದು ಉಪನ್ಯಾಸದ ತರಗತಿಯವರು ಫೇಲಾಗುವ ಸಾಧ್ಯತೆಗೆ ಸಂಬಂಧಿಸಿದ್ದು, ಅಂಕಕ್ಕಲ್ಲ. ಪರೀಕ್ಷೆಯ ಅಂಕದಲ್ಲಿ ಕಂಡ ಏರಿಕೆ ಸರಾಸರಿ ಶೇ 6ರಷ್ಟು ಮಾತ್ರ. ಮೇಲಾಗಿ ‘ವಿಜ್ಞಾನ ತರಗತಿಗಳಲ್ಲಿ’ ಎಂಬ ಮಾತು ಬಿಟ್ಟುಹೋಗಿ, ಸಾಹಿತ್ಯದ ತರಗತಿಗೂ ಇದು ಅನ್ವಯಿಸುತ್ತದೆ ಎಂಬಂತೆ ಕಾಣುತ್ತಿತ್ತು. ಇಂಥ ಸಣ್ಣ ಜಾರುವಿಕೆ ಮೂರು ನಾಲ್ಕು ಕೈ ದಾಟಿದರೆ ಇನ್ನೊಂದು ‘ಶೇ 90’ ಹುಟ್ಟಿಕೊಳ್ಳುತ್ತದೆ. ಡೇಲ್ ಅವರ ಶಂಕುವಿಗೂ ಬಹುಶಃ ಹೀಗೇ ಆಗಿರಬೇಕು.

ಅನುವಾದದಲ್ಲಿ ಅಡಗುವ ನಕಲು

ತಿದ್ದಿದ ಕರಡನ್ನು ಸಾಮ್ಯ ಪತ್ತೆಹಚ್ಚುವ ತಂತ್ರಾಂಶಕ್ಕೆ ಹಾಕಿದಾಗ ಬಂದದ್ದು ಶೇ 4. ವಿದ್ಯಾರ್ಥಿನಿ ನಿಟ್ಟುಸಿರು ಬಿಟ್ಟಳು. ಆದರೆ ನಾಲ್ಕನೇ ಪುಟದ ಎರಡು ಪ್ಯಾರಾಗಳು ಇಂಗ್ಲಿಷ್ ಲೇಖನದಿಂದ ವಾಕ್ಯಕ್ಕೆ ವಾಕ್ಯ ಕನ್ನಡಕ್ಕೆ ಇಳಿಸಿದವು. ಕನ್ನಡದಲ್ಲಿ ಬರೆಯುವ ನಮ್ಮ ವಿದ್ಯಾರ್ಥಿಗಳು ಈ ಜಾಗದಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ಆಕರ ಇಂಗ್ಲಿಷಿನಲ್ಲಿ, ಬರಹ ಕನ್ನಡದಲ್ಲಿ ಇದ್ದಾಗ ‘ಪದಗಳೆಲ್ಲ ನನ್ನವೇ’ ಎಂಬ ಭಾವನೆ ಬರುತ್ತದೆ, ಯಂತ್ರವೂ ಹೌದು ಎನ್ನುತ್ತದೆ. ವಿಚಾರದ ಕ್ರಮ, ವಾಕ್ಯದ ಕಟ್ಟು, ಉದಾಹರಣೆ ಎಲ್ಲವೂ ಮೂಲ ಲೇಖಕರದ್ದೇ ಆಗಿರುತ್ತದೆ. ಅನುವಾದಿಸಿದರೂ ಅದು ಅವರ ವಾಕ್ಯವೇ. ಇತ್ತ ಶೇ 25 ಬಂದ ಸಂಪ್ರಬಂಧ ಪ್ರಾಮಾಣಿಕವಾಗಿ ಇರಲೂಬಹುದು. ಉದ್ಧರಣ ಚಿಹ್ನೆಯೊಳಗಿನ ಮಾತು, ಗ್ರಂಥಋಣದ ಪಟ್ಟಿ, ಪರಿಭಾಷೆ ಇವನ್ನೂ ಯಂತ್ರ ಎಣಿಸಿರುತ್ತದೆ. ಅದು ಅಳೆಯುವುದು ಅಕ್ಷರದ ಹೋಲಿಕೆಯನ್ನು, ಕೃತಿಚೌರ್ಯವನ್ನಲ್ಲ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ಕರಡಿನಲ್ಲಿದ್ದದ್ದು: “ಸಾಂಪ್ರದಾಯಿಕ ಉಪನ್ಯಾಸದ ತರಗತಿಗಳಲ್ಲಿನ ವಿದ್ಯಾರ್ಥಿಗಳು ಸಕ್ರಿಯ ಕಲಿಕೆಯ ತರಗತಿಗಳಲ್ಲಿನ ವಿದ್ಯಾರ್ಥಿಗಳಿಗಿಂತ ಅನುತ್ತೀರ್ಣರಾಗುವ ಸಾಧ್ಯತೆ 1.5 ಪಟ್ಟು ಹೆಚ್ಚು.” ಇದು ಫ್ರೀಮನ್ ಲೇಖನದ ಸಾರಾಂಶದ ಮಾತಿನ ನೇರ ಅನುವಾದ, ಚಿಹ್ನೆಯೂ ಇಲ್ಲ, ಆಕರವೂ ಇಲ್ಲ. ತಿದ್ದು ಎಂದಾಗ ಅವಳು ಮಾಡಿದ್ದು: “ಹಳೆಯ ಮಾದರಿಯ ಉಪನ್ಯಾಸ ಕೇಳುವ ಮಕ್ಕಳು ಚಟುವಟಿಕೆಯ ತರಗತಿಯ ಮಕ್ಕಳಿಗಿಂತ ಫೇಲಾಗುವ ಸಂಭವ ಒಂದೂವರೆ ಪಟ್ಟು ಜಾಸ್ತಿ.” ಪದ ಬದಲಾಯಿತು, ಎಲುಬಿನ ಗೂಡು ಹಾಗೇ ಉಳಿಯಿತು. ಇಂಥ ತೇಪೆ ಬರವಣಿಗೆಯನ್ನು ಬಹಳ ಮಂದಿ ಸ್ವಂತ ಮಾತು ಎಂದುಕೊಳ್ಳುತ್ತಾರೆ. ಮೂಲವನ್ನು ಕಣ್ಣೆದುರು ಇಟ್ಟುಕೊಂಡು ಪದಕ್ಕೆ ಪರ್ಯಾಯ ಹುಡುಕಿದರೆ ಇದೇ ಆಗುವುದು.

ಮೂರನೇ ಸಲ ಅವಳಿಗೆ ಬೇರೆ ದಾರಿ ಹೇಳಲಾಯಿತು. ಲೇಖನವನ್ನು ಓದಿ ಮುಚ್ಚು, ಲ್ಯಾಪ್‌ಟಾಪಿನಿಂದ ಎದ್ದು ಹೋಗು, ಹತ್ತು ನಿಮಿಷ ಬಿಟ್ಟು ಪಕ್ಕದಲ್ಲಿ ಕೂತ ಗೆಳತಿಗೆ ಬಾಯಲ್ಲಿ ಹೇಳುವ ಹಾಗೆ ಕಾಗದದ ಮೇಲೆ ಬರೆ, ಆಮೇಲೆ ಮೂಲ ತೆರೆದು ಅಂಕಿ ಸರಿನೋಡು. ಆಗ ಬಂದದ್ದು: “ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವಿ ತರಗತಿಗಳ ಮಟ್ಟಿಗೆ ಹೇಳುವುದಾದರೆ, ಉಪನ್ಯಾಸಕ್ಕಷ್ಟೇ ಅಂಟಿಕೊಂಡ ಕಡೆ ಮೂವರಲ್ಲಿ ಒಬ್ಬರು ಫೇಲಾದರೆ, ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟ ಕಡೆ ಐವರಲ್ಲಿ ಒಬ್ಬರಿಗೆ ಹತ್ತಿರ ಇಳಿಯಿತು ಎಂದು 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಫ್ರೀಮನ್ ಮತ್ತು ಇತರರು (2014) ಕಂಡುಕೊಂಡಿದ್ದಾರೆ.” ಇದು ಅವಳ ವಾಕ್ಯ. ಆದರೂ ಆವರಣ ಬೇಕು, ಯಾಕೆಂದರೆ ತಿಳಿವಳಿಕೆ ಅವರದು. ಸ್ವಂತ ಮಾತಿನಲ್ಲಿ ಬರೆದ ಮೇಲೆ ಆಕರ ಬೇಡ ಎಂಬ ತಪ್ಪು ಕಲ್ಪನೆ ತುಂಬಾ ಬೇರೂರಿದೆ. ಉಲ್ಲೇಖಪಟ್ಟಿಯನ್ನು ನಾವು ಗ್ರಂಥಋಣ ಎನ್ನುತ್ತೇವೆ. ಸಾಲ ತಂದ ಅಕ್ಕಿಯನ್ನು ನಮ್ಮ ಪಾತ್ರೆಯಲ್ಲಿ ಬೇಯಿಸಿದರೆ ಸಾಲ ತೀರುವುದಿಲ್ಲ.

ಈ ತೊಡಕಿನ ಮೂಲ ಟಿಪ್ಪಣಿ ಪುಸ್ತಕದಲ್ಲಿತ್ತು. ಅಲ್ಲಿ ನಕಲಿಸಿದ ಮಾತು, ಸಂಗ್ರಹಿಸಿದ ಮಾತು, ತನಗೆ ಹೊಳೆದ ಮಾತು ಎಲ್ಲ ಒಂದೇ ಶಾಯಿಯಲ್ಲಿ ಬೆರೆತಿದ್ದವು. ಹದಿನೈದು ದಿನ ಬಿಟ್ಟು ನೋಡಿದಾಗ ಯಾವುದು ಯಾರದು ಎಂದು ಅವಳಿಗೇ ಗೊತ್ತಾಗಲಿಲ್ಲ. ಕೃತಿಚೌರ್ಯ ಎಷ್ಟೋ ಸಲ ಬರೆಯುವಾಗ ಆಗುವುದಲ್ಲ, ಟಿಪ್ಪಣಿ ಮಾಡುವಾಗಲೇ ಆಗಿಹೋಗಿರುತ್ತದೆ. ಪುಟದ ಮೇಲೆ ಮೊದಲು ಲೇಖಕ, ವರ್ಷ, ಶೀರ್ಷಿಕೆ, ನಿಯತಕಾಲಿಕ, ಸಂಪುಟ, ಪುಟ, ಡಿಒಐ ಬರೆದು, ಆಮೇಲೆ ಟಿಪ್ಪಣಿಗೆ ಇಳಿಯಬೇಕು. ಯಥಾವತ್ತಾದ ಮಾತಿಗೆ ಅಲ್ಲೇ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ, ಸ್ವಂತ ಮಾತಿನ ಸಂಗ್ರಹಕ್ಕೆ ಪುಟಸಂಖ್ಯೆ, ತನ್ನ ಯೋಚನೆಗೆ ಅಂಚಿನಲ್ಲಿ ‘ನಾನು’ ಎಂಬ ಗುರುತು. ಆಕರಗಳ ಪಟ್ಟಿ ಇಟ್ಟುಕೊಳ್ಳುವ ಜೊಟೆರೊದಂಥ ಉಚಿತ ತಂತ್ರಾಂಶ ವಿವರಗಳನ್ನು ತಾನೇ ತುಂಬಿಕೊಡುತ್ತದೆ, ಆದರೆ ವೆಬ್‌ಪುಟದಿಂದ ಎಳೆದುಕೊಂಡಾಗ ಲೇಖಕರ ಜಾಗದಲ್ಲಿ ಸೈಟಿನ ಹೆಸರು ಕೂರುವುದುಂಟು, ದಿನಾಂಕ ಬಿಟ್ಟುಹೋಗುವುದುಂಟು. ಸಲ್ಲಿಸುವ ಹಿಂದಿನ ದಿನ ಪಟ್ಟಿಯನ್ನು ಮೂಲಗಳ ಜೊತೆ ಒಮ್ಮೆ ತಾಳೆ ನೋಡಲೇಬೇಕು.

ಉಲ್ಲೇಖ ಬರೆಯುವ ಶೈಲಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಪಿಎ, ಎಂಎಲ್‌ಎ, ಶಿಕಾಗೋ ಯಾವುದಾದರೂ ಸರಿ, ವಿಭಾಗ ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಪಾಲಿಸಿದರಾಯಿತು. ಎಪಿಎಯ ಏಳನೇ ಆವೃತ್ತಿಯಲ್ಲಿ ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಉಲ್ಲೇಖದಲ್ಲೇ ‘ಮತ್ತು ಇತರರು’ ಎನ್ನಬಹುದು. 40 ಅಥವಾ ಹೆಚ್ಚು ಪದಗಳ ಉದ್ಧರಣವನ್ನು ಚಿಹ್ನೆ ಇಲ್ಲದೆ ಬೇರೆ ಪ್ಯಾರಾ ಮಾಡಿ ಒಳಕ್ಕೆ ಸರಿಸಬೇಕು. ಅಲ್ಪವಿರಾಮ ತಪ್ಪಿದರೆ ಒಂದೆರಡು ಅಂಕ ಹೋಗಬಹುದು, ಹೆಚ್ಚೇನೂ ಆಗದು. ಓದದ್ದನ್ನು ಓದಿದೆ ಎಂದು ತೋರಿಸುವುದಕ್ಕೂ ಅಲ್ಪವಿರಾಮಕ್ಕೂ ಒಂದೇ ತಕ್ಕಡಿ ಹಿಡಿಯುವ ಮೇಷ್ಟ್ರುಗಳಿದ್ದಾರೆ. ವಿದ್ಯಾರ್ಥಿಗಳಿಗೆ ಅದರಿಂದ ತಪ್ಪು ಪಾಠ ಸಿಗುತ್ತದೆ.

ಕೊನೆಯ ಕರಡಿನಲ್ಲಿ ಆಕರಗಳು 11 ಉಳಿದವು, ಎಲ್ಲವನ್ನೂ ಓದಿಯಾಗಿತ್ತು. ಚಾಟ್‌ಬಾಟನ್ನು ಆಕರ ಹುಡುಕಲು ಬಳಸಿದ್ದೂ, ಅದು ಕೊಟ್ಟ ಮೂರರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡದ್ದೂ ಆರಂಭದ ಟಿಪ್ಪಣಿಯಲ್ಲಿ ದಾಖಲಾಯಿತು. ಶೇ 90ರ ವಾಕ್ಯವನ್ನು ಅವಳು ಅಳಿಸಲಿಲ್ಲ. ಅದನ್ನು ಮಂದಿ ಯಾಕೆ ನಂಬುತ್ತಾರೆ ಎಂಬ ಚರ್ಚೆಗೆ ಅದೇ ಆರಂಭವಾಯಿತು. ಡೇಲ್ ಪುಸ್ತಕ ಈಗ ಅವಳು ಕಂಡ ಆಕರ, ಆದ್ದರಿಂದ ‘ಡೇಲ್ (1946) ಚಿತ್ರದಲ್ಲಿ ಅಂಕಿಗಳಿಲ್ಲ’ ಎಂದು ನೇರವಾಗಿ ಬರೆಯಲು ಅವಳಿಗೆ ಹಕ್ಕಿತ್ತು.

ಟ್ರೈಕ್ಲರ್ ಅವರ 1967ರ ಲೇಖನ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಗ್ರಂಥಪಾಲಕರ ಎರಡು ಕೋರಿಕೆಗಳೂ ಖಾಲಿ ಕೈಯಲ್ಲಿ ಮರಳಿದವು. ಹಾಗಾಗಿ ಆ ಜಾಗದಲ್ಲಿ ಆವರಣ ಹೀಗೆ ನಿಂತಿತು: (ಟ್ರೈಕ್ಲರ್, 1967, ಸುಬ್ರಮಣಿ ಮತ್ತು ಇತರರು, 2014ರಲ್ಲಿ ಉಲ್ಲೇಖಿತ). ಪಟ್ಟಿಯಲ್ಲಿ ಟ್ರೈಕ್ಲರ್ ಹೆಸರಿಲ್ಲ, ಸುಬ್ರಮಣಿ ಅವರದ್ದು ಮಾತ್ರ ಇದೆ.